ಹೊಂದದ ತಮ್ಮ

ನಮ್ಮ ಬೀದಿಯ ಟೈಲರಣ್ಣ ಬಾಯಿ ತೆರೆದರೆ ಒಂದೇ ಮಾತು: "ನನಗೂ ನನ್ನ ತಮ್ಮನಿಗೂ ಹೊಂದಲ್ಲ." ಒಂದೇ ಅಂಗಡಿಯಲ್ಲಿ ಬೆನ್ನಿಗೆ ಬೆನ್ನು ಮಾಡಿ ಹೊಲಿಯುತ್ತಿದ್ದರು, ತಮ್ಮ ಫ್ಯಾನ್ ಹಾಕಿದರೆ ಬಟ್ಟೆ ಹಾರುತ್ತದೆಂದು ಇವನು ಆರಿಸುತ್ತಿದ್ದ, ತಮ್ಮ ತರಿಸಿದ ಟೀಯನ್ನು ಗಿರಾಕಿಗೆ ದಾಟಿಸುತ್ತಿದ್ದ. ತಮ್ಮನ ಮೂಳೆಯೊಳಗಿನ ಮಜ್ಜೆ ರಕ್ತ ಮಾಡುವುದನ್ನೇ ನಿಲ್ಲಿಸಿ, ಬೇರೆಯವರ ಮಜ್ಜೆ ಹಾಕಬೇಕಾಗಿ ಬಂದಾಗ, ಮನೆಯವರಲ್ಲೆಲ್ಲ ಪೂರ್ತಿ ಹೊಂದಿದ್ದು ಇವನದೊಂದೇ. "ಇನ್ನೊಮ್ಮೆ ಸರಿಯಾಗಿ ನೋಡಿ ಡಾಕ್ಟ್ರೇ," ಅಂದ. ಸೊಂಟದ ಮೂಳೆಯಿಂದ ಮಜ್ಜೆ ತೆಗೆಸಿ ಕೊಟ್ಟು ಬಂದು, ಸೊಂಟ ಹಿಡಿದುಕೊಂಡು, "ಇನ್ನು ಅವನಿಗೂ ನನ್ನ ಸಿಟ್ಟೇ ಬರುತ್ತೆ, ನೋಡ್ತಿರಿ," ಎಂದು ಬೀಗಿದ. ಆ ಮಜ್ಜೆ ಬೇರೂರುವ ಮೊದಲೇ ಸೋಂಕು ತಗುಲಿ ತಮ್ಮ ತೀರಿಕೊಂಡ. ಈಗ ಅಂಗಡಿಯಲ್ಲಿ ಫ್ಯಾನ್ ಇಡೀ ದಿನ ತಿರುಗುತ್ತದೆ. ಹೊಸ ಅಂಗಿ ತೊಟ್ಟ ಗಿರಾಕಿ "ಚೆನ್ನಾಗಿ ಹೊಂದಿದೆ" ಅಂದರೆ, ಟೇಪು ಸುತ್ತುತ್ತಾ, "ನಮ್ಮದೂ ಹೊಂದಿತ್ತು," ಅನ್ನುತ್ತಾನೆ.