ಅರಿಶಿನ ಹಚ್ಚಿದ ಕಾರ್ಡು

ನನ್ನ ಮೇಜಿನ ಡ್ರಾಯರಿನಲ್ಲಿ ಒಂದು ಹಳೆಯ ಕಾರ್ಡಿದೆ. ಅಂಗೈಗಿಂತ ತುಸು ಉದ್ದ, ಮೂಲೆಯಲ್ಲಿ ಹಳದಿ ಕಲೆ. ಡ್ರಾಯರು ಚೊಕ್ಕಟ ಮಾಡುವಾಗಲೆಲ್ಲ ಮನೆಯಾಕೆ ಇದರಲ್ಲಿ ಏನು ಬರೆದಿದೆ ಎನ್ನುತ್ತಾಳೆ. ಏನೂ ಇಲ್ಲ ಎನ್ನುತ್ತೇನೆ. ಹಾಗಾದರೆ ಎಸೆಯಲೇ ಎನ್ನುತ್ತಾಳೆ, ಬೇಡ ಎನ್ನುತ್ತೇನೆ. ನಮ್ಮ ದಾಂಪತ್ಯದ ತತ್ತ್ವಚರ್ಚೆ ಬಹುಮಟ್ಟಿಗೆ ಇಷ್ಟೇ.

ಎಪ್ಪತ್ತರ ದಶಕದ ಕೊನೆಯಲ್ಲಿ ದಾವಣಗೆರೆಯ ನಮ್ಮ ಕಾಲೇಜು ವಿಜ್ಞಾನದ ವಿದ್ಯಾರ್ಥಿಗಳಿಗಾಗಿ ‘ವೈಜ್ಞಾನಿಕ ಗಣನೆ’ ಎಂಬ ಉಪವಿಷಯವನ್ನು ಆರಂಭಿಸಿತು. ಪಠ್ಯಕ್ರಮವಿತ್ತು, ಮೇಷ್ಟ್ರಿದ್ದರು, ಹಾಜರಿ ಪುಸ್ತಕವೂ ಇತ್ತು. ಕಂಪ್ಯೂಟರ್ ಮಾತ್ರ ಇರಲಿಲ್ಲ. ಸಸ್ಯಶಾಸ್ತ್ರದವನಾದ ನಾನು ಸೇರಿದ್ದು ಜ್ಞಾನದಾಹದಿಂದಲ್ಲ, ಆ ಕೋಣೆಯಲ್ಲಿ ಫ್ಯಾನಿತ್ತು. ಮೇಷ್ಟ್ರು ಕರಿಹಲಗೆಯ ಮೇಲೆ ಚೌಕವೊಂದನ್ನು ಬರೆದು, “ಇದು ಕಂಪ್ಯೂಟರ್ ಅಂತ ತಿಳ್ಕೊಳ್ರಿ” ಎಂದರು. ವರ್ಷವಿಡೀ ಹಾಗೆಯೇ ತಿಳಿದುಕೊಂಡೆವು.

ನಿಜವಾದದ್ದು ಇದ್ದದ್ದು ಹರಿಹರದ ಕಾರ್ಖಾನೆಯೊಂದರಲ್ಲಿ. ಶನಿವಾರ ಮಧ್ಯಾಹ್ನ ಒಂದು ತಾಸು ಅದು ನಮ್ಮದು. ನಾವು ಬರೆದ ಪ್ರೋಗ್ರಾಮಿನ ಒಂದೊಂದು ಸಾಲಿಗೂ ಒಂದೊಂದು ಕಾರ್ಡಿನಲ್ಲಿ ಯಂತ್ರ ಓದುವಂಥ ತೂತು ಹೊಡೆಸಿ, ಮನೆಗೆ ತಂದು ತಪ್ಪು ಹುಡುಕಿ, ಮುಂದಿನ ಶನಿವಾರ ಯಂತ್ರಕ್ಕೆ ಉಣಿಸಬೇಕು. ಹದಡಿಯ ಹೊಲದಿಂದ ಕಿತ್ತು ತಂದ ನೂರು ಶೇಂಗಾ ಎಲೆಗಳ ಸರಾಸರಿ ಉದ್ದ ಕಂಡುಹಿಡಿಯುವುದು ನನ್ನ ಸಂಶೋಧನೆ. ಕೈಯಲ್ಲಿ ಲೆಕ್ಕ ಹಾಕಿದರೆ ಅರ್ಧ ಗಂಟೆಯ ಕೆಲಸ. ಕಂಪ್ಯೂಟರಿನ ನೆರವಿನಿಂದ ಮೂರು ತಿಂಗಳಲ್ಲಿ ಮುಗಿಯುವುದರಲ್ಲಿತ್ತು. ಯಂತ್ರ ಅಚ್ಚು ಹಾಕಿದ ಹಾಳೆಯನ್ನು ಸೋಮವಾರ ಒಪ್ಪಿಸದಿದ್ದರೆ ನಾನು ನಪಾಸು.

ಕೊನೆಯ ಶನಿವಾರ ನಾನು ಸ್ನಾನಕ್ಕೆ ಹೋದಾಗ ಅವ್ವ ನನ್ನ ಕಾರ್ಡುಗಳ ಕಟ್ಟನ್ನು ಕಂಡಳು. ನಮ್ಮ ಮನೆಯಿಂದ ಕಾರ್ಡುಗಳ ಕಟ್ಟು ಹೊರಡುವುದೆಂದರೆ ಅದು ಲಗ್ನಪತ್ರಿಕೆಯೇ, ಅರಿಶಿನ ಹಚ್ಚದೆ ಹೊಸಿಲು ದಾಟುವಂತಿರಲಿಲ್ಲ. ಮಗನ ಪರೀಕ್ಷೆ ಲಗ್ನಕ್ಕಿಂತ ಕಡಿಮೆಯೇ? ಒಂದೂ ಬಿಡದೆ ಮೂಲೆಮೂಲೆಗೆ ಹಚ್ಚಿ ಚೀಲದಲ್ಲಿಟ್ಟಳು. ಬಿಚ್ಚಿ ನೋಡುವ ಬುದ್ಧಿ ನನಗೆ ಬರಲಿಲ್ಲ.

ಹರಿಹರದಲ್ಲಿ ಯಂತ್ರ ಅರಿಶಿನಕ್ಕೆ ಅಂಟಿಕೊಂಡಿದ್ದ ಮೂರು ಕಾರ್ಡುಗಳನ್ನು ಒಟ್ಟಿಗೆ ನುಂಗಿ, ನರಳಿ, ನಿಂತಿತು. ಅದನ್ನು ನೋಡಿಕೊಳ್ಳುತ್ತಿದ್ದ ರಹಮತ್ ಸಾಹೇಬರು ಒಂದನ್ನು ಎಳೆದು ಮೂಸಿದರು.

“ಏನಪ್ಪಾ, ಮಿಷೀನಿಗೆ ಲಗ್ನಪತ್ರಿಕೆ ತಂದೀಯೇನು? ಯಾರು ಹಚ್ಚಿದ್ದು?”

“ಅವ್ವ ರೀ.”

ಸಾಹೇಬರು ಯಂತ್ರದ ಬಾಯಿ ಒರೆಸಿದರು. ತಮ್ಮ ಪಾಳಿ ಮುಗಿದರೂ ಮನೆಗೆ ಹೋಗದೆ ಕೂತು, ಅಷ್ಟೂ ಕಾರ್ಡುಗಳನ್ನು ಹೊಸದಾಗಿ ತೂತು ಹೊಡೆದು ಓಡಿಸಿದರು. ಹಾಳೆ ಹೊರಬಂತು. ಹೊರಡುವಾಗ ಒಂದು ಖಾಲಿ ಕಾರ್ಡು ಕೊಟ್ಟು, “ಅವ್ವಗ ಬ್ಯಾಡ ಅನಬ್ಯಾಡ. ಮುಂದಿನ ಸಲ ಇದನ್ನ ಮ್ಯಾಲಿಡು, ಇದಕ್ಕ ಹಚ್ಚಲಿ” ಎಂದರು.

ಅರಿಶಿನದಿಂದಲೇ ಕೆಲಸವಾಯಿತು ಎಂದು ಅವ್ವನಿಗೆ ಹೇಳಿದೆ. ಸುಳ್ಳು ಹೇಳುವುದರಲ್ಲಾದರೂ ನಾನು ಯಂತ್ರಕ್ಕಿಂತ ಚುರುಕು ಎಂದುಕೊಂಡಿದ್ದೆ. ಮುಂದಿನ ವರ್ಷದ ಪರೀಕ್ಷೆಗೆ ಹೊಸ ಕಟ್ಟಿನ ಮೇಲೆ ಆ ಕಾರ್ಡಿಟ್ಟು ಅವಳ ಮುಂದೆ ಹಿಡಿದೆ.

“ಇದೊಂದಕ್ಕ ಹಚ್ಚಿದ್ರೆ ಸಾಕವ್ವ.”

ಅವಳು ಅದನ್ನು ಬೆಳಕಿಗೆ ಹಿಡಿದಳು. “ಉಳಿದವಕ್ಕೆಲ್ಲ ತೂತು ಅದಾವು. ಇದಕ್ಕ ಯಾಕಿಲ್ಲ?”

“ಮಿಷೀನಿನ ಸಾಹೇಬ್ರು ಕೊಟ್ಟಿದ್ದು, ಅರಿಶಿನ ಹಚ್ಚಾಕಂತ. ಇದನ್ನ ಮಿಷೀನಿಗೆ ಹಾಕಂಗಿಲ್ಲ” ಎಂದುಬಿಟ್ಟೆ.

ಅರಿಶಿನದ ಬಟ್ಟಲಿನ ಮೇಲೆ ಅವ್ವನ ಕೈ ನಿಂತಿತು. “ಅಂದ್ರ ಅವತ್ತು ಕೆಲಸ ಕೆಡಿಸಿದಾಕಿ ನಾನೇ ಅನ್ನು.”

ಅವಳು ಬೆರಳದ್ದಿ ಮೂಲೆಗೆ ಅರಿಶಿನ ಹಚ್ಚಿ, ಆರುವವರೆಗೆ ಊದಿದಳು. “ಇದು ನಿನ್ನ ಪರೀಕ್ಷೆಗಲ್ಲ. ಆ ಸಾಹೇಬ್ರಿಗೆ ಕೊಡು. ಅವ್ರ ಮನಿ ತಣ್ಣಗಿರಲಿ.”

ಕೊಟ್ಟೆ. ಸಾಹೇಬರು ಅದನ್ನು ಯಂತ್ರದ ನೆತ್ತಿಗೆ ಅಂಟಿಸಿಕೊಂಡರು. ಕೆಲವು ವರ್ಷಗಳಾದ ಮೇಲೆ ಆ ಯಂತ್ರ ಗುಜರಿಗೆ ಹೋದ ದಿನ, ಕಾರ್ಡನ್ನು ಜೋಪಾನವಾಗಿ ಬಿಡಿಸಿ ನನಗೆ ಕಳಿಸಿದರು. ಅಷ್ಟರಲ್ಲಿ ಅವ್ವ ಇರಲಿಲ್ಲ.

ಮೊನ್ನೆ ಮನೆಯಾಕೆ ಮತ್ತೆ ಕೇಳಿದಳು, ಇದರಲ್ಲಿ ಏನು ಬರೆದಿದೆ ಎಂದು. ಈ ಸಲ ಇಷ್ಟನ್ನೂ ಹೇಳಿದೆ. ಅವಳು ಕಾರ್ಡಿನ ಧೂಳನ್ನು ಸೆರಗಿನಿಂದ ಒರೆಸಿದಳು, ಹಳದಿ ಮೂಲೆಯೊಂದನ್ನು ಬಿಟ್ಟು.