ತಮ್ಮ ಮುಗಿಸದ ಲೈಬ್ರರಿ

ಟೈರ್ ಅಂಗಡಿಯ ಮೇಲಿನ ಆ ಎರಡು ಕೋಣೆಯ ಸಾಫ್ಟ್‌ವೇರ್ ಆಫೀಸಿನಲ್ಲಿ ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಅವಳ ತಮ್ಮ ಹೊತ್ತುಗೊತ್ತಿಲ್ಲದೆ ಆಫೀಸಿಗೆ ಫೋನು ಮಾಡಿ "ಅಕ್ಕ ಇದ್ದಾಳಾ?" ಎಂದು ಕೇಳಿ ಕೇಳಿ ಆ ಹೆಸರು ಬಿದ್ದಿತ್ತು.

ಅವನು ರಕ್ತನಿಧಿಗಳ ಯಂತ್ರ ರಿಪೇರಿ ಮಾಡುತ್ತಿದ್ದ. ಅಂಥ ಅರ್ಧಂಬರ್ಧ ಆಸಾಮಿ ಇನ್ನೊಬ್ಬನಿಲ್ಲ. ಕುಡಿದ ಲೋಟದಲ್ಲೂ ಅರ್ಧ ಚಹಾ ಬಿಡುವವನು. ರಕ್ತದ ಚೀಲಗಳಿಗೆ ಲೇಬಲ್ ಮುದ್ರಿಸುವ ಅಕ್ಕನ ಪ್ರಾಜೆಕ್ಟಿಗೆಂದು, ಹಳೇ ಯಂತ್ರದಿಂದ ರಕ್ತದ ಗುಂಪು ಓದುವ ಜಾವಾ ಲೈಬ್ರರಿಯೊಂದನ್ನು, ಅಂದರೆ ಬೇರೆ ಪ್ರೋಗ್ರಾಮುಗಳು ಬಳಸುವ ಕೋಡಿನ ಗಂಟೊಂದನ್ನು, ಮನೆಯಲ್ಲೇ ಕೂತು ಬರೆದುಕೊಟ್ಟಿದ್ದ. ಅದರ ಆವೃತ್ತಿಯ ಸಂಖ್ಯೆ ‘1.0’ರ ಕೊನೆಗೆ ‘ಸ್ನ್ಯಾಪ್‌ಶಾಟ್’ ಎಂದು ಸೇರಿಸಿದ್ದ. ಕೆಲಸ ಇನ್ನೂ ನಡೆದಿದೆ ಎಂದು ಅದರರ್ಥ. "ಇನ್ನೊಂಚೂರು ಬಾಕಿ ಇದೆ ಕಣೇ" ಎನ್ನುತ್ತಿದ್ದ. ಆ ಚೂರು ಮುಗಿಯುವ ಮೊದಲೇ ತೀರಿಕೊಂಡ.

ಅಕ್ಕ ಆ ಲೈಬ್ರರಿಯ ಫೈಲನ್ನು ತನ್ನ ಕಂಪ್ಯೂಟರಿಗೆ ಮಾತ್ರ ಕೈಯಾರೆ ಹಾಕಿಕೊಂಡಿದ್ದಳು. ಹಾಗಾಗಿ ಪ್ರಾಜೆಕ್ಟು ಅವಳ ಮೇಜಿನ ಮೇಲಷ್ಟೇ ಬಿಲ್ಡ್ ಆಗಿ, ಓಡಿಸಬಲ್ಲ ಪ್ರೋಗ್ರಾಮಾಗುತ್ತಿತ್ತು. ಆಫೀಸಿನ ಎಲ್ಲ ಕಂಪ್ಯೂಟರುಗಳಿಗೂ ಸಿಗುವ ಕೋಡ್ ಭಂಡಾರಕ್ಕೆ ಹಾಕಿ ಎಂದು ಮ್ಯಾನೇಜರ್ ಹೇಳಿದಾಗಲೆಲ್ಲ ನಾಳೆ ನಾಳೆ ಎಂದು ಸಾಗಹಾಕುತ್ತಿದ್ದಳು. ಮುಗಿಯದ ಲೈಬ್ರರಿಯನ್ನು ಆ ಭಂಡಾರ ಒಪ್ಪುತ್ತಿರಲಿಲ್ಲ; ಕೊನೆಯ ಆ ‘ಸ್ನ್ಯಾಪ್‌ಶಾಟ್’ ಪದ ಅಳಿಸಬೇಕಿತ್ತು. ಅಳಿಸಿದರೆ, ಅವನು ಇನ್ನು ಒಂದಕ್ಷರವೂ ಬರೆಯುವುದಿಲ್ಲ ಎಂದು ತಾನೇ ಒಪ್ಪಿಕೊಂಡಂತೆ. ಅವಳಿಗೆ ಕೈ ಬರಲಿಲ್ಲ. ತಾನಿಲ್ಲದೆ ಕೆಲಸ ನಿಲ್ಲಬಾರದೆಂದು ರಜೆ ಹಾಕುವುದನ್ನೇ ಬಿಟ್ಟಳು.

ಒಂದು ದಿನ ಮೈ ಸುಡುವ ಜ್ವರ ಬಂದು ಮಲಗಿದಳು. ಅಂದೇ ರಕ್ತನಿಧಿಯಲ್ಲಿ ಲೇಬಲ್ಲುಗಳು ತಪ್ಪು ಗುಂಪು ತೋರಿಸತೊಡಗಿದವು. ಆಫೀಸಿನಲ್ಲಿದ್ದ ಸಹೋದ್ಯೋಗಿ ಪ್ರೋಗ್ರಾಮಿನ ಆ ತಪ್ಪನ್ನು ಬೇಗನೆ ಸರಿಪಡಿಸಿದ. ಆದರೆ ಲೈಬ್ರರಿ ಇಲ್ಲದೆ ಅವನ ಕಂಪ್ಯೂಟರಿನಲ್ಲಿ ಬಿಲ್ಡ್ ಆಗಲಿಲ್ಲ. ಅಕ್ಕನ ಕಂಪ್ಯೂಟರೋ ಅವಳ ಬೆರಳಚ್ಚಿಗಷ್ಟೇ ತೆರೆಯುತ್ತಿತ್ತು.

"ಅಕ್ಕಾ, ಹೆರಿಗೆಯಾದ ಹೆಂಗಸೊಬ್ಬಳಿಗೆ ತುಂಬಾ ರಕ್ತ ಹೋಗ್ತಿದೆಯಂತೆ. ಲೇಬಲ್ ನಂಬೋ ಹಾಗಿಲ್ಲ ಅಂತ ಒಂದೊಂದು ಚೀಲಾನೂ ಮತ್ತೆ ಪರೀಕ್ಷೆ ಮಾಡ್ತಾ ಕೂತಿದ್ದಾರೆ. ಹೇಗಾದ್ರೂ ಬನ್ನಿ" ಎಂದು ಅವನು ಫೋನಿನಲ್ಲಿ ಅಂಗಲಾಚಿದ.

ಅಕ್ಕ ಗೋಡೆ ಹಿಡಿದುಕೊಂಡು ಆಫೀಸಿನ ಮೆಟ್ಟಿಲು ಹತ್ತಿದಳು, ಬಿಲ್ಡ್ ಮಾಡಿ ಕಳಿಸಿದಳು. ಆ ತಾಯಿ ಉಳಿದಳೆಂದು ಸಂಜೆಯ ಹೊತ್ತಿಗೆ ಗೊತ್ತಾಯಿತು. ಅಲ್ಲಿಯವರೆಗೆ ಅಕ್ಕ ಫೋನಿನ ಪಕ್ಕದಿಂದ ಏಳಲಿಲ್ಲ.

ಆಮೇಲೆ ಕೂತು, ಆ ಪದ ಅಳಿಸಿ ಬರೀ ‘1.0’ ಎಂದಷ್ಟೇ ಉಳಿಸಿದಳು. ಬರೆದವರ ಜಾಗದಲ್ಲಿ ತಮ್ಮನ ಹೆಸರು ಹಾಕಿ ಭಂಡಾರಕ್ಕೆ ಸೇರಿಸಿದಳು. ಸಹೋದ್ಯೋಗಿಯ ಕಂಪ್ಯೂಟರಿನಲ್ಲಿ ಬಿಲ್ಡ್ ಆಗುವವರೆಗೂ ಅವನ ಕುರ್ಚಿಯ ಹಿಂದೆ ನಿಂತೇ ಇದ್ದಳು.

ಮನೆಯಲ್ಲಿ ಅಮ್ಮ ಅವಳ ಹಣೆ ಮುಟ್ಟಿ ನೋಡಿದಳು.

"ಅವನ ಕೆಲಸ ಮುಗೀತಮ್ಮಾ."

"ಸುಮ್ನಿರೇ. ಅವನು ಯಾವತ್ತು ಏನು ಮುಗಿಸಿದ್ದ?"

"ನಾನೇ ಮುಗಿಸ್ದೆ" ಎಂದ ಅಕ್ಕ ಅಮ್ಮನ ಮಡಿಲಲ್ಲಿ ಮುಖವಿಟ್ಟು, ಅವನು ಸತ್ತ ದಿನವೂ ಅಳದಷ್ಟು ಅತ್ತಳು.