ಅರ್ಧ ಇಂಚಿನ ಜಗಳ

ದರ್ಜಿಗೆ ಎಪ್ಪತ್ತೊಂದು ವರ್ಷ. ಅದರಲ್ಲಿ ಮೂವತ್ತೆರಡು ವರ್ಷದ ಭಾನುವಾರಗಳೆಲ್ಲ ಗಾಲ್ಫ್ ಮೈದಾನಕ್ಕೇ ಹೋಗಿವೆ. ಇಷ್ಟಾದರೂ ಆಟ ಕೈಗೆ ಹತ್ತಲಿಲ್ಲ ಎನ್ನುವುದು ಬೇರೆ ಮಾತು, ಹುಚ್ಚು ಮಾತ್ರ ಬಿಡಲಿಲ್ಲ. ಜೊತೆಗಾರರಿಬ್ಬರೂ ಅಂಥವರೇ: ಒಬ್ಬ ನಿವೃತ್ತ ಬಸ್ ಡ್ರೈವರ್, ಇನ್ನೊಬ್ಬ ಹಲ್ಲಿನ ಡಾಕ್ಟರ್.

ಮೊದಲ ದಿನದ ಕಥೆ ಹೇಳಿಕೊಂಡು ಈಗಲೂ ಹೊಟ್ಟೆ ಹಿಡಿದು ನಗುತ್ತಾರೆ. ಮೂವರಿಗೂ ಸೇರಿ ನಾಲ್ಕೇ ಕೋಲು. ಡ್ರೈವರ್ ಮೈಯೆಲ್ಲ ಬಲ ಹಾಕಿ ಬೀಸಿದ. ಚೆಂಡು ಕದಲಲಿಲ್ಲ, ಪ್ಯಾಂಟು ಮಾತ್ರ ಹಿಂದೆ ಪರ್ರೆಂದು ಹರಿಯಿತು. ದರ್ಜಿಯ ಜೇಬಿನಲ್ಲಿ ಸೂಜಿ ದಾರ ಇಲ್ಲದ ದಿನವುಂಟೇ? ಮರದ ಮರೆಯಲ್ಲಿ ಅವನನ್ನು ಬಗ್ಗಿಸಿ ನಿಲ್ಲಿಸಿ ಹೊಲಿದೇಬಿಟ್ಟ.

"ಚುಚ್ಚಬೇಡ್ವೋ, ನಾಳೆ ಸೀಟಲ್ಲಿ ಕೂರ್ಬೇಕು!" ಎಂದು ಡ್ರೈವರ್ ಗೋಗರೆಯುತ್ತಿದ್ದ.

ಯಾರ ಚೆಂಡು ಕುಳಿಗೆ ಹತ್ತಿರ ಎಂಬ ತಕರಾರು ಬಂದರೆ ದರ್ಜಿಯ ಟೇಪು ಹೇಳಿದ್ದೇ ತೀರ್ಪು. ಆದರೂ ಡ್ರೈವರ್ ಅರ್ಧ ಇಂಚಿಗೆ ಅರ್ಧ ಗಂಟೆ ಜಗಳ ಕಾಯುವ ಆಸಾಮಿ.

ಎಂಟು ತಿಂಗಳ ಹಿಂದೆ ದರ್ಜಿಯ ಕಣ್ಣು ಮಸುಕಾಯಿತು. ಆಪರೇಷನ್ನಿಂದಲೂ ಸರಿಹೋಗುವಂಥದ್ದಲ್ಲ ಎಂದು ಕಣ್ಣಿನ ಆಸ್ಪತ್ರೆಯಲ್ಲಿ ಹೇಳಿದರು. ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಕೆಲಸ ಸೊಸೆಯ ಪಾಲಾಯಿತು. ಗೆಳೆಯರಿಗೆ ಮಾತ್ರ ಅವನು ಬಾಯಿ ಬಿಡಲಿಲ್ಲ. ಗೊತ್ತಾದರೆ ಬೆಂಚಿನ ಮೇಲೆ ಕೂರಿಸಿ "ನೀನು ನೋಡ್ತಾ ಇರಪ್ಪ" ಅಂದುಬಿಡುತ್ತಾರೆ. ಕಾಣದವನಿಗೆ ನೋಡ್ತಾ ಇರು ಅಂದರೆ! ಆಟ ತಪ್ಪಿಹೋಗುವ ಭಯ ಅವನಿಗೆ ಕಣ್ಣಿನ ಚಿಂತೆಗಿಂತ ಹೆಚ್ಚಾಗಿತ್ತು.

ಸೋಜಿಗವೆಂದರೆ, ಆಮೇಲೆಯೇ ಅವನ ಆಟ ಸುಧಾರಿಸಿತು. ಹೊಡೆದು ಗೆಳೆಯರ ಹಿಂದೆ ನಡೆದರೆ ಸಾಕು, ಚೆಂಡು ಹಸನಾದ ಹುಲ್ಲಿನ ಮೇಲೆ ಕೂತಿರುತ್ತಿತ್ತು. "ಈ ವಯಸ್ಸಲ್ಲಿ ಕೈ ಕುದುರಿದೆ ಕಣೇ" ಎಂದು ಹೆಂಡತಿಯ ಮುಂದೆ ಕೊಚ್ಚಿಕೊಂಡದ್ದೇ ಕೊಚ್ಚಿಕೊಂಡದ್ದು.

ಕಳೆದ ಭಾನುವಾರ ಮತ್ತೆ ತಕರಾರು. ಡಾಕ್ಟರ ಚೆಂಡು ಇಪ್ಪತ್ತೈದು ಇಂಚು ಬಂತು. ಡ್ರೈವರ್‌ನದಕ್ಕೆ ದರ್ಜಿ ಟೇಪು ಹಿಡಿದು, ಗುರುತನ್ನು ಚಿವುಟಿಕೊಂಡು ಮೂಗಿನ ಹತ್ತಿರ ತಂದು ಓದಿದ: "ಐವತ್ತು."

ದರ್ಜಿಯ ಅರವತ್ತು ಇಂಚಿನ ಟೇಪಿಗೆ ಎರಡು ಮುಖ. ಒಂದರ ಅಂಕಿ ಈ ತುದಿಯಿಂದ, ಇನ್ನೊಂದರದು ಆ ತುದಿಯಿಂದ. ಹತ್ತು ಇಂಚು ಅಳೆದು ಮುಖ ತಪ್ಪಿ ಓದಿದರೆ ಐವತ್ತಾಗುತ್ತದೆ. ಕೈ ಹೇಳಿದ್ದು ಬಿಟ್ಟು ಕಣ್ಣನ್ನು ನಂಬಿ ಕೆಟ್ಟ.

"ಹೌದಪ್ಪ, ಐವತ್ತೇ. ನಾನು ಸೋತೆ," ಎಂದ ಡ್ರೈವರ್, ಮೆತ್ತಗೆ.

ದರ್ಜಿಗೆ ಅನುಮಾನ ಬಂತು. ಇವನು ಜಗಳ ಆಡದೆ ಸೋಲೊಪ್ಪುವುದೆಂದರೇನು? ಬಗ್ಗಿ ಕುಳಿಯಿಂದ ಚೆಂಡಿಗೆ ಗೇಣು ಹಾಕಿದ. ಒಂದು ಗೇಣು ಚಿಲ್ಲರೆ, ಅಷ್ಟೇ.

"ನಿಮಗೆ ಗೊತ್ತು," ಎಂದ.

"ಮೊದಲಿಂದ್ಲೂ," ಎಂದರು ಡಾಕ್ಟರು. "ಪೊದೆಗೆ ಬಿದ್ದ ನಿನ್ನ ಚೆಂಡನ್ನ ಒದ್ದೂ ಒದ್ದೂ ನನ್ನ ಬೂಟೇ ಸವೀತು."

"ನನ್ನ ಕಣ್ಣಿಗೇ ಮಣ್ಣೆರಚಿದ್ರಾ?" ದರ್ಜಿಗೆ ಸಿಟ್ಟು ನೆತ್ತಿಗೇರಿತು, ನಾಚಿಕೆಯೂ ಆಯಿತು. ಕೋಲನ್ನು ಚೀಲಕ್ಕೆ ತುರುಕಿದ. "ಇನ್ಮೇಲೆ ನೀವಿಬ್ರೇ ಆಡ್ಕೊಳ್ಳಿ."

"ಅಯ್ಯೋ, ಇವರ ಮುಖ ಒಂದೇ ನೋಡ್ಕೊಂಡು ಆಡ್ಲಾ ನಾನು?" ಡ್ರೈವರ್ ಕೂಗಿಯೇಬಿಟ್ಟ. "ನೀನು ಹೀಗೆ ಎದ್ದು ಹೋಗ್ತೀಯ ಅಂತ ಹೆದರ್ಕೊಂಡೇ ಕಣೋ ಬಾಯಿ ಮುಚ್ಕೊಂಡಿದ್ದು!"

ತನ್ನ ಭಯವೇ ಇವರಿಗೂ ಇತ್ತೆಂದು ತಿಳಿದು ದರ್ಜಿ ಕೋಲನ್ನು ಮತ್ತೆ ಚೀಲದಿಂದ ಹೊರಗೆಳೆದ. ಮೂಗು ಒರೆಸಿಕೊಂಡ.

"ಸರಿ. ಚೆಂಡು ಒದೆಯೋ ಹಾಗಿಲ್ಲ. ನಾನು ಕೇಳ್ತೀನಿ, ನೀವು ನಿಜ ಹೇಳ್ಬೇಕು."

ಮುಂದಿನ ಕುಳಿಗೆ ಅವನದೇ ಮೊದಲ ಹೊಡೆತ. ಠಣ್ಣೆಂಬ ಸದ್ದೇನೋ ಚೆನ್ನಾಗಿಯೇ ಬಂತು.

"ಎಲ್ಲಿ ಹೋಯ್ತ್ರೋ?" ಎಂಟು ತಿಂಗಳಲ್ಲಿ ಮೊದಲ ಸಲ ಬಾಯಿಬಿಟ್ಟು ಕೇಳಿದ.

ಇಬ್ಬರೂ ಮುಖ ಮುಖ ನೋಡಿಕೊಂಡರು.

"ಹೊಂಡದ ನೀರಿಗೆ," ಎಂದ ಡ್ರೈವರ್. "ನಟ್ಟನಡುವಿಗೇ."

ದರ್ಜಿ ಗಹಗಹಿಸಿ ನಕ್ಕು, ಇನ್ನೊಂದು ಚೆಂಡಿಗೆ ಕೈ ಚಾಚಿದ.